ಮುನ್ನೂರು ದೊಡ್ಡದೋ, ಮುನ್ನೂರೆಂಟು ದೊಡ್ಡದೋ

ಟ್ರೆವಾರ್ಥನ್‌ನ ಬಂದೂಕಿನಂಗಡಿಯ ಗಾಜಿನ ಮೇಜಿನ ಮೇಲೆ ಉರ್ಹೊ ಕಂಗಾಸ್ ಮೂರು ತೋಟಾಗಳನ್ನು ನೆಟ್ಟಗೆ ನಿಲ್ಲಿಸಿ, ಹೆಣ್ಣು ನೋಡಲು ಬಂದವನ ಹಾಗೆ ಬಗ್ಗಿ ಬಗ್ಗಿ ನೋಡುತ್ತಿದ್ದ. ತೋಟಾಗಳಿಗೆ ಅಂಕಿಯೇ ಹೆಸರು. ಮೊದಲನೆಯದು ಇನ್ನೂರ ನಲವತ್ತಮೂರು. ಸಣ್ಣ ಕತ್ತು, ಕಡಲೆಬೀಜದಂಥ ಗುಂಡು. ಎರಡನೆಯದು ಮುನ್ನೂರೆಂಟು, ಅದೇ ಮೈ, ಕತ್ತು ಮಾತ್ರ ದಪ್ಪ. ಮೂರನೆಯದು ಮುನ್ನೂರು ಮ್ಯಾಗ್ನಂ. ಅದನ್ನು ಹೊಲದಲ್ಲಿ ನೆಟ್ಟಿದ್ದರೆ ಬೇಲಿಕಂಬವಾಗುತ್ತಿತ್ತು.

“ಮುನ್ನೂರೆಂಟಕ್ಕಿಂತ ಮುನ್ನೂರು ದೊಡ್ಡದು ಹೆಂಗಯ್ಯಾ? ನಮಗೆ ಶಾಲೇಲಿ ಬೇರೆ ಲೆಕ್ಕ ಹೇಳ್ಕೊಟ್ಟಿದ್ರು.”

“ಗುಂಡು ಎರಡಕ್ಕೂ ಒಂದೇ ದಪ್ಪ ಕಣೋ,” ಎಂದ ಅಂಗಡಿಯ ಟ್ರೆವಾರ್ಥನ್. “ಮ್ಯಾಗ್ನಂಗೆ ಮದ್ದು ತುಂಬೋ ಹೊಟ್ಟೆ ದೊಡ್ಡದು, ಅಷ್ಟೇ. ಸತ್ತ ಜಿಂಕೆಗೆ ವ್ಯತ್ಯಾಸ ಗೊತ್ತಾಗಲ್ಲ. ನಿನ್ನ ಹೆಗಲಿಗೆ ಗೊತ್ತಾಗುತ್ತೆ.”

“ನನ್ನ ಹೆಗಲಿಗಾ? ಮರದ ಲಾರಿ ಕೆಸರಲ್ಲಿ ಹೂತಾಗ ಎತ್ತಿ ದಾರಿಗಿಟ್ಟ ಹೆಗಲು ಇದು!”

“ಹೌದೌದು,” ಎಂದಳು ಪಕ್ಕದಲ್ಲಿ ನಿಂತಿದ್ದ ತಂಗಿ ಐಲಿ. “ಡ್ರೈವರ್ ಸೀಟಲ್ಲಿ ಕೂತ್ಕೊಂಡೇ ಎತ್ತಿದ್ದ.”

ಎರಡು ದಿನ ಕಳೆದರೆ ನವೆಂಬರ್ ಹದಿನೈದು, ಜಿಂಕೆ ಬೇಟೆ ಶುರು. ಇವರ ಬೇಟೆ ಗುಡಿಸಲಿನಲ್ಲಿ ಗುರಿ ತಪ್ಪಿದವನ ಅಂಗಿಯ ಹಿಂದಿನ ಅಂಚನ್ನು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ಅಜ್ಜಂದಿರ ಕಾಲದ ಪದ್ಧತಿ. ಉರ್ಹೊನ ಏಳು ವರ್ಷಗಳ ಅಂಚುಗಳನ್ನು ಜೋಡಿಸಿ ಹೊಲಿದರೆ ಮಿಚಿಗನ್ನಿನ ಉತ್ತರ ಭಾಗಕ್ಕೆಲ್ಲ ಹೊದೆಸುವ ಕೌದಿಯಾಗುತ್ತಿತ್ತು. ತಪ್ಪಿದಾಗಲೆಲ್ಲ ಅವನು ತೋಟಾಕ್ಕೆ ಬಯ್ಯುವವನು, ಇನ್ನೂ ದಪ್ಪ ತೋಟಾದ ಬಂದೂಕು ಕೊಳ್ಳುವವನು. ಹಾಗೆ ಏರುತ್ತ ಏರುತ್ತ ಈಗ ತನ್ನ ಮುನ್ನೂರೆಂಟನ್ನೂ ಕೊಟ್ಟು ಮ್ಯಾಗ್ನಂ ಒಯ್ಯಲು ಬಂದಿದ್ದ. ಈ ಸಲವೂ ತಪ್ಪಿದರೆ, ಜೌಗಿನಂಚಿನಲ್ಲಿ ಅಪ್ಪ ಸೀಡರ್ ಮರಕ್ಕೆ ಕಟ್ಟಿದ ಅಟ್ಟಣೆ ಐಲಿಯ ಪಾಲು ಎಂದು ಗುಡಿಸಲಿನವರೆಲ್ಲ ತೀರ್ಮಾನಿಸಿಯಾಗಿತ್ತು. ಐಲಿಯೋ, ಆ ಸಣ್ಣ ಕತ್ತಿನ ತೋಟಾದಲ್ಲೇ ವರ್ಷಕ್ಕೊಂದು ಜಿಂಕೆ ಹೊತ್ತು ತರುವವಳು.

“ಒಯ್ಯೋ ಮುಂಚೆ ಹಿತ್ತಲಲ್ಲಿ ಹೊಡೆದು ನೋಡು,” ಎಂದು ಟ್ರೆವಾರ್ಥನ್ ಮ್ಯಾಗ್ನಂ ಬಂದೂಕನ್ನು ಕೈಗಿತ್ತ. ಉರ್ಹೊ ಬೆಂಚಿನ ಮೇಲೆ ಕೂತು ಹೊಡೆದ. ಆ ಸದ್ದಿಗೆ ಮೂರು ಹರದಾರಿ ದೂರದ ಕೆರೆಯ ಮಂಜುಗಡ್ಡೆ ಬಿರುಕು ಬಿಟ್ಟಿತು. ಪೈನ್ ಮರಗಳು ಹೋದ ವರ್ಷದ ಹಿಮವನ್ನೂ ಸೇರಿಸಿ ಉದುರಿಸಿದವು. ನೂರು ಗಜದಾಚೆಯ ಗುರಿಹಾಳೆಗೆ ಮಾತ್ರ ಸುದ್ದಿಯೇ ಮುಟ್ಟಲಿಲ್ಲ.

“ಕೊಡಣ್ಣ ಇಲ್ಲಿ, ಚಳಿಗೆ ನಿನ್ನ ಕೈ ನಡುಗ್ತಿದೆ. ನಾನು ತುಂಬಿಕೊಡ್ತೀನಿ,” ಎಂದು ಐಲಿ ಬಂದೂಕು ಇಸಿದುಕೊಂಡು, ಬೆನ್ನು ತಿರುಗಿಸಿ ಖಟಖಟ ಮಾಡಿ ಮರಳಿಸಿದಳು. ಉರ್ಹೊ ಉಸಿರು ಕಟ್ಟಿ ಟ್ರಿಗರ್ ಎಳೆದ.

ಟಕ್. ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ಉರ್ಹೊನ ಹೆಗಲು ಒಂದು ಗೇಣು ಹಿಂದಕ್ಕೆ ಹಾರಿತು, ನಳಿಗೆ ನೆಲದ ಹಿಮಕ್ಕೆ ನಮಸ್ಕಾರ ಹಾಕಿತು, ಕಣ್ಣೆರಡೂ ಕದ ಹಾಕಿದಂತೆ ಮುಚ್ಚಿಕೊಂಡವು.

“ಅಬ್ಬಬ್ಬಾ! ಒದೆ ಅಂದ್ರೆ ಇದಪ್ಪಾ!” ಎಂದು ಅವನು ಹೆಗಲು ಉಜ್ಜಿಕೊಂಡ.

ಐಲಿ ಅಂಗೈ ಬಿಚ್ಚಿದಳು. ಮ್ಯಾಗ್ನಂ ತೋಟಾ ಅಲ್ಲೇ ಮಲಗಿತ್ತು.

ಟ್ರೆವಾರ್ಥನ್‌ಗೆ ಆಗಲೇ ಮೋಡ ಎಣಿಸುವ ತುರ್ತು ಕೆಲಸ ಬಂತು. ಉರ್ಹೊ ತೋಟಾ ನೋಡಿದ, ಬಂದೂಕು ನೋಡಿದ, ತನ್ನ ಹೆಗಲು ನೋಡಿಕೊಂಡ. ಬರಬೇಕಾದ್ದು ಸಿಟ್ಟು, ಬಂದದ್ದು ಕುತೂಹಲ. ತನ್ನ ಮುನ್ನೂರೆಂಟನ್ನು ಖಾಲಿಯೇ ಕೊಡಲು ಹೇಳಿ ಟ್ರಿಗರ್ ಎಳೆದ. ಅದೂ ಒದೆಯಿತು! ಐಲಿಯ ಸಣ್ಣ ಕತ್ತಿನದು ತರಿಸಿ ಖಾಲಿ ಎಳೆದ. ಅದೂ ಒದೆಯಿತು!

“ಯಾವಾಗಿಂದ ಗೊತ್ತಿತ್ತೇ ನಿಂಗೆ?”

“ಮೂರನೇ ಅಂಗಿಯಿಂದ.”

“ಮತ್ತೆ ಬಾಯಿ ಬಿಡ್ಲಿಲ್ಲ?”

“ಅಟ್ಟಣೆ ಬೇಕಿತ್ತಲ್ಲ.”

“ಈಗ ಬೇಡ್ವಾ?”

“ಈಗ್ಲೂ ಬೇಕು. ಆದ್ರೆ ಆ ಮ್ಯಾಗ್ನಂ ತಗಂಡ್ರೆ ಹೆಗಲು ಮುರ್ಕೊಂಡು ನಮ್ಮನೇಲೇ ಬಂದು ಬೀಳ್ತೀಯ. ನಿಂಗೆ ಯಾರು ಊಟ ತಿನ್ನಿಸೋರು? ಸುಮ್ನೆ ಮುಂದೆ ನೋಡು.”

ಅವಳು ಬೆನ್ನು ತಿರುಗಿಸಿ ತಿರುಗಿಸಿ ಮುನ್ನೂರೆಂಟನ್ನು ಖಾಲಿಯೇ ಕೊಟ್ಟಳು. ಟಕ್. ಟಕ್. ಟಕ್. ಸಾವಿರ ಸಲಕ್ಕೆ ಒಂದೂ ಕಡಿಮೆಯಿಲ್ಲ. ಟ್ರೆವಾರ್ಥನ್‌ನ ಕೈಯಲ್ಲಿದ್ದ, ಮಾಂಸ ತುಂಬಿದ ಬಿಸಿ ಪ್ಯಾಸ್ಟಿ ಕಡುಬು ತಣ್ಣಗಾಗಿ ಕಲ್ಲಾಯಿತು, ಅವನ ಗಡ್ಡ ಒಂದಂಗುಲ ಬೆಳೆಯಿತು. ಮೊದಮೊದಲು ಕುಪ್ಪಳಿಸುತ್ತಿದ್ದ ನಳಿಗೆ ಆಮೇಲೆ ತೂಕಡಿಸಿತು, ಆಮೇಲೆ ಬರೀ ಕದಲಿತು. ಮೋಡ ಕವಿದು ಮಬ್ಬಾಗುವ ಹೊತ್ತಿಗೆ ಬೆಂಚಿಗೆ ಬೆಸುಗೆ ಹಾಕಿದಂತೆ ನಿಂತಿತು, ಅವನ ಕಣ್ಣುಗಳೂ ಮುಚ್ಚುವುದನ್ನು ಮರೆತವು. ಉರ್ಹೊಗೆ ಈಗ ಬಂದೂಕಿನ ಭಯವೇ ಹೋಗಿ ಬೇಜಾರು ಶುರುವಾಗಿತ್ತು. ಐಲಿ ಮತ್ತೊಮ್ಮೆ ಬೆನ್ನು ತಿರುಗಿಸಿದಳು, ಮತ್ತೊಮ್ಮೆ ಕೊಟ್ಟಳು. ಇದೂ ಖಾಲಿಯೆಂದುಕೊಂಡು ಅವನು ಬೆರಳು ಮಡಿಸಿದ.

ಢಂ!

ಗುರಿಹಾಳೆಯ ನಡುವೆ ಅಂಗಿಯ ಗುಂಡಿಯಷ್ಟಗಲದ ಕರಿ ತೂತು. ಟ್ರೆವಾರ್ಥನ್ ಪ್ಯಾಸ್ಟಿ ಎಸೆದು ಕುಣಿದಾಡಿದ. ಉರ್ಹೊ ಹಾಳೆಯ ಕಡೆ ಕಣ್ಣೆತ್ತಲಿಲ್ಲ. ಏಳು ವರ್ಷ ಬೇಟೆಯಾಡಿದ ಮನುಷ್ಯ, ಬಾಯಿ ತೆರೆದುಕೊಂಡು ನಳಿಗೆಯ ತುದಿಯನ್ನೇ ನೋಡುತ್ತ ಕೇಳಿದ:

“ಐಲೀ, ಇದ್ರಲ್ಲಿ ಬೆಂಕಿ ಬರುತ್ತೇನೇ?”