ಒಂದೇ ಒಂದು ಬಸವನಹುಳು

"ಅಮ್ಮಾ, ಕತ್ತರಿ ಕೊಡು," ಎಂದು ಚಿಕ್ಕವಳು ಶಾಲೆಯ ಚೀಲವನ್ನೂ ಇಳಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

ಬಟಾಣಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತಿದಳು. "ಯಾರ ಕೂದಲಿಗೆ ಗ್ರಹಚಾರ ಬಂತು?"

"ಕೂದಲಿಗಲ್ಲ. ಬಸವನಹುಳಕ್ಕೆ." ಚೀಲ ಬಿಚ್ಚಿ ನೆಲದ ಮೇಲೆ ಸುರಿದಳು. ಬಿಸ್ಕತ್ತಿನ ಪೊಟ್ಟಣದಲ್ಲಿ ಬರುವ ಪ್ರಾಣಿಗಳ ಕಾರ್ಡುಗಳು. ಒಂದು ಹಿಡಿಯಲ್ಲ, ಒಂದು ರಾಶಿ. ಎಲ್ಲದರಲ್ಲೂ ಅದೇ ಬಸವನಹುಳು, ಅದೇ ಕಂದು ಚಿಪ್ಪು, ಮುಖದಲ್ಲಿ ಅದೇ ಸಂಕೋಚದ ನಗು.

ಸದ್ದಿಗೆ ಒಳಗಿನಿಂದ ಅಕ್ಕ ಓಡಿ ಬಂದಳು. "ನಿನ್ನ ಹುಲಿ ಎಲ್ಲೇ? ಹದ್ದು? ಆ ಹೊಳೆಯೋ ತಿಮಿಂಗಿಲ?"

"ಕೊಟ್ಬಿಟ್ಟೆ."

"ಹುಲಿ ಕೊಟ್ಟು ಹುಳ ತಂದ್ಯಾ! ಬುದ್ಧಿ ಏನು ಹುಲ್ಲು ಮೇಯೋಕೆ ಹೋಗಿತ್ತಾ? ನೋಡಮ್ಮ, ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಹಾಗಾಯ್ತು ಇವಳದ್ದು."

"ನೀನೇ ತಾನೇ ಹೇಳಿದ್ದು!"

ಹೇಳಿದ್ದು ನಿಜ. ಅಕ್ಕನ ಬಳಿ ಚಿನ್ನದ ಅಂಚಿನ ಬಿಳಿ ನವಿಲಿನ ಕಾರ್ಡು ಇತ್ತು. ಆಟಿಕೆ ಅಂಗಡಿಯವನು ಅದಕ್ಕೆ ಒಂದು ಸೈಕಲ್ಲಿನ ಬೆಲೆ ಹೇಳಿದಂದಿನಿಂದ ಅದು ಪ್ಲಾಸ್ಟಿಕ್ ಕವರಿನೊಳಗೆ, ಆಲ್ಬಮ್ಮಿನ ಮೊದಲ ಪುಟದಲ್ಲಿ. ಮುಟ್ಟಬೇಕೆಂದರೆ ಕೈ ತೊಳೆದಿರಬೇಕು. ತೊಳೆದು ಬಂದರೂ ಮುಟ್ಟಲು ಕೊಡುವುದಿಲ್ಲ. ನಿನ್ನೆ ಚಿಕ್ಕವಳು ತನ್ನ ಬಸವನಹುಳುವನ್ನು ಅದೇ ಪುಟದಲ್ಲಿಡು ಎಂದು ಕೇಳಿದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಎಲ್ಲರ ಹತ್ತಿರ ಇರುವುದಕ್ಕೆ ಬೆಲೆಯಿಲ್ಲ, ಒಬ್ಬರ ಹತ್ತಿರ ಮಾತ್ರ ಇರುವುದಕ್ಕೇ ಬೆಲೆ, ಮೊದಲ ಪುಟ ಅಂಥವಕ್ಕೆ ಮಾತ್ರ ಎಂದು ಪಾಠವನ್ನೂ ಮಾಡಿದ್ದಳು.

"ಅದಕ್ಕೇ ಕ್ಲಾಸಲ್ಲಿರೋ ಬಸವನಹುಳು ಎಲ್ಲಾ ತಂದ್ಬಿಟ್ಟೆ," ಎಂದಳು ಚಿಕ್ಕವಳು. "ನಂದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಕತ್ತರಿಸಿಬಿಡ್ತೀನಿ. ಆಮೇಲೆ ಇರೋದೇ ಅದೊಂದು. ಮಧ್ಯಾಹ್ನದ ಹೊತ್ತಿಗೇ ಒಂದು ಹುಳಕ್ಕೆ ಎರಡೆರಡು ಕಾರ್ಡು ಕೇಳೋಕೆ ಶುರು ಮಾಡಿದ್ರು, ಗೊತ್ತಾ?"

ಅಮ್ಮ ನಗು ಬಾರದಂತೆ ಬಾಯಿಗೆ ಕೈ ಅಡ್ಡ ಹಿಡಿದಳು. ಅಕ್ಕನ ಬಾಯಿ ಮಾತ್ರ ತೆರೆದೇ ಇತ್ತು. ಅವಳೇ ಹೇಳಿಕೊಟ್ಟ ಲೆಕ್ಕ ಎಲ್ಲೂ ತಪ್ಪಿರಲಿಲ್ಲ.

"ಸರಿ ಪುಟ್ಟಿ, ಮೊದ್ಲು ನಿಂದನ್ನ ಪಕ್ಕಕ್ಕೆ ತೆಗೆದಿಡು," ಎಂದು ಅಮ್ಮ ಕತ್ತರಿ ಕೊಟ್ಟಳು.

ಚಿಕ್ಕವಳು ರಾಶಿಯ ಮೇಲೆ ಬಗ್ಗಿದಳು. ಒಂದನ್ನು ಎತ್ತಿದಳು, ಇಟ್ಟಳು. ಇನ್ನೊಂದನ್ನು ಹಿಂದೆ ಮುಂದೆ ತಿರುಗಿಸಿದಳು. ಮುಖ ಸಣ್ಣಗಾಯಿತು.

"ಗುರುತು ಏನೂ ಹಾಕಿರ್ಲಿಲ್ವಾ?" ಅಮ್ಮ ಕೇಳಿದಳು.

"ಒಂದು ಗೆರೆ ಬಿದ್ರೂ ಬೆಲೆ ಹೋಗತ್ತೆ ಅಂದಿದ್ಲು ಅಕ್ಕ. ತುದಿಬೆರಳಲ್ಲೇ ಮುಟ್ತಿದ್ದೆ."

"ಯಾವ್ದೋ ಒಂದನ್ನ ಇಟ್ಕೊಳ್ಳೇ. ಎಲ್ಲಾ ಒಂದೇ," ಎಂದಳು ಅಕ್ಕ.

"ಒಂದೇ ಅಲ್ಲ! ಇದ್ರಲ್ಲಿ ಒಂದು ನಂದು."

ಕತ್ತರಿಯ ಬಾಯಿಗೆ ಒಂದನ್ನು ಹಿಡಿದಳು. ಬಸವನಹುಳು ಸಂಕೋಚದಿಂದ ನಕ್ಕಿತು. "ಇದೇ ಆಗಿದ್ರೆ?" ಅದನ್ನು ಬಿಟ್ಟು ಇನ್ನೊಂದನ್ನು ಹಿಡಿದಳು. ಅದೂ ನಕ್ಕಿತು. ಕತ್ತರಿಯನ್ನು ಅಮ್ಮನ ಕಡೆಗೆ ತಳ್ಳಿ, ಅಷ್ಟನ್ನೂ ಬಾಚಿ ಮಡಿಲಿಗೆ ಹಾಕಿಕೊಂಡು ಬಿಕ್ಕತೊಡಗಿದಳು.

ಅಕ್ಕನಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಆಲ್ಬಮ್ ತಂದು ತಂಗಿಯ ಮುಂದೆ ಬಿಚ್ಚಿದಳು. "ಅಳ್ಬೇಡ್ವೇ. ತಗೋ, ಇವತ್ತು ನವಿಲು ಮುಟ್ಟು, ಕೈ ತೊಳೀದಿದ್ರೂ ಪರವಾಗಿಲ್ಲ. ಇಡೀ ಊರಲ್ಲಿ ಇಂಥದ್ದು ಇನ್ನೊಂದಿಲ್ಲ."

ಚಿಕ್ಕವಳು ಮೂಗೊರೆಸಿಕೊಂಡು ಕವರಿನೊಳಕ್ಕೆ ಇಣುಕಿದಳು. "ಇನ್ನೊಂದೂ ಇಲ್ವಾ?"

"ಒಂದೂ ಇಲ್ಲ," ಎಂದಳು ಅಕ್ಕ ಹೆಮ್ಮೆಯಿಂದ.

"ಅಯ್ಯೋ, ಪಾಪ."