ಗೆರೆ ದಾಟಿದ ಹಾಲು

ಸುರಪುರ ತಾಲೂಕಿನ ಭವಿಷ್ಯವನ್ನೇ ತಿರುಗಿಸಬಲ್ಲ ಒಂದು ತೀರ್ಮಾನವನ್ನು ಜಗದೇವಪ್ಪ ಮಂಗಳವಾರ ಬೆಳಗಿನ ಎರಡನೇ ಚಹಾದ ಹೊತ್ತಿಗೆ ತೆಗೆದುಕೊಂಡ. ಮುತ್ತಜ್ಜನ ಕಾಲದಿಂದ ನೇಗಿಲು ಕಾಣದ ತನ್ನ ಎರಡೆಕರೆ ಹುಲ್ಲುಗಾವಲಿಗೆ ಈ ಮುಂಗಾರಿನಲ್ಲಿ ಯೂರಿಯಾ ಹಾಕುವುದು. ಚಹಾ ತಂದುಕೊಟ್ಟ ಹೆಂಡತಿ ಶಿವಬಸಮ್ಮ ನಿಂತಲ್ಲೇ ವಿರೋಧ ಪಕ್ಷವಾದಳು.

“ಅದು ಹುಲ್ಲರಿ, ಹತ್ತಿ ಅಲ್ಲ. ಅದರಾಗ ಹನ್ನೆರಡು ನಮೂನಿ ಅವ. ಯೂರಿಯಾ ಉಗ್ಗಿದ್ರ ಒಂದ ಹುಲ್ಲು ಎದ್ದು, ಉಳಿದವನ್ನೆಲ್ಲ ತುಳದು ಕುಂದರತದ.”

“ಹನ್ನೆರಡು ನಮೂನಿ ತಿಂದು ನಿನ್ನ ನೀಲವ್ವ ಏನು ಕೊಡಾಕತ್ತಾಳ? ಈ ಚಹಾ ನೋಡು. ಹಾಲಿನ ನೆನಪಷ್ಟ ಅದ.”

ನೀಲವ್ವ ಎಂದರೆ ಎಮ್ಮೆ. ಶಿವಬಸಮ್ಮ ತವರಿನಿಂದ ಹೊಡೆದುಕೊಂಡು ಬಂದ ಎಮ್ಮೆಯ ಮೊಮ್ಮಗಳು. ಜಗದೇವಪ್ಪ ಎದ್ದು ಹೋಗಿ, ಹಾಲು ಹಿಂಡುವ ಚರಿಗೆಯ ಒಳಗೆ ಮೊಳೆಯಿಂದ ಒಂದು ಗೆರೆ ಕೊರೆದ. ಈಗ ಬರುತ್ತಿದ್ದ ಹಾಲಿಗಿಂತ ಎರಡು ಬೆರಳು ಮೇಲೆ.

“ಶ್ರಾವಣ ಮುಗಿಯೂದ್ರಾಗ ಹಾಲು ಈ ಗೆರಿ ಮುಟ್ಟಿದ್ರ, ತಪ್ಪು ಹುಲ್ಲಿಂದಿತ್ತು ಅಂತ ತಿಳೀತೀನಿ. ನೀಲವ್ವ ಮನ್ಯಾಗ ಇರಲಿ. ಮುಟ್ಟಲಿಲ್ಲಂದ್ರ ತಪ್ಪು ಎಮ್ಮಿದು. ಸಂತಿಗಿ ಹೊಡೀತೀನಿ.”

“ಇದರಾಗ ನಿಮ್ಮ ತಪ್ಪಿಗಿ ಜಾಗಾನ ಇಟ್ಟಿಲ್ಲಲ್ರಿ?”

“ಚರಿಗಿ ಸಣ್ಣದು,” ಎಂದ ಜಗದೇವಪ್ಪ.

ಗೊಬ್ಬರ ಬಿತ್ತು, ಮಳೆ ಬಂತು. ಹುಲ್ಲು ಎದ್ದು ಮೊಳಕಾಲು ಮುಟ್ಟಿತು, ಬಸ್ಸಿನಲ್ಲಿ ಹೋಗುವವರೂ ಕುತ್ತಿಗೆ ತಿರುಗಿಸಿ ನೋಡುವಷ್ಟು ಕಡು ಹಸಿರಾಯಿತು. ನೀಲವ್ವ ಮಾತ್ರ ಅದರ ನಡುವೆ, ಮದುವೆಮನೆಯಲ್ಲಿ ಗುರುತಿನವರನ್ನು ಹುಡುಕುವವಳ ಹಾಗೆ, ಅಲ್ಲಿ ಇಲ್ಲಿ ಮೂಸುತ್ತ ಅಡ್ಡಾಡಿದಳು. ಹಾಲು ಗೆರೆಯಿಂದ ಎರಡು ಬೆರಳು ಕೆಳಗೇ ನಿಂತಿತ್ತು. ಶ್ರಾವಣ ಮುಗಿಯಲು ಹದಿನೈದು ದಿನ ಉಳಿದಿತ್ತು.

ಶಿವಬಸಮ್ಮನಿಗೆ ಬಂದದ್ದು ವಿಚಿತ್ರ ಸಂಕಟ. ಅವಳ ಮಾತೇ ನಿಜವಾಗಿತ್ತು, ಆದರೆ ಅದು ನಿಜವಾದರೆ ಎಮ್ಮೆ ಹೋಗುತ್ತಿತ್ತು. ಎಮ್ಮೆ ಉಳಿಯಬೇಕಾದರೆ ಗಂಡ ಗೆಲ್ಲಬೇಕಿತ್ತು. ಒಂದು ರಾತ್ರಿ ಪೂರ್ತಿ ಯೋಚಿಸಿ, ಬೆಳಿಗ್ಗೆ ಪಕ್ಕದ ಮನೆಯ ಮುಬೀನಾಳ ಕಟ್ಟೆಗೆ ಹೋಗಿ ಕುಳಿತಳು. ಮುಬೀನಾಳ ಅಣ್ಣ ಶಹಾಪುರದ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ.

“ನಿಮ್ಮಣ್ಣಗ ಹೇಳಿ ಒಂದು ಚೀಲ ಹತ್ತಿಕಾಳು ತರಸವಾ. ಗಪ್‌ಚುಪ್.”

“ಎಮ್ಮಿಗೆ ಹಾಲು ಏರಲಂತೇನಕ್ಕಾ? ನಿಮ್ಮನಿ ಅಣ್ಣಾರು ಅಷ್ಟು ಹುಲ್ಲು ಬೆಳಸ್ಯಾರಲ್ಲ, ಊರ ತುಂಬ ಹೇಳಾಕತ್ತಾರ.”

“ಹೂಂ. ಅದಕ್ಕ ಅವರನ್ನ ಗೆಲ್ಲಸಬೇಕಾಗ್ಯಾದ.”

ಮುಬೀನಾ ಬಾಯಿಗೆ ಸೆರಗು ಒತ್ತಿಕೊಂಡಳು. “ಮೂವತ್ತು ವರ್ಷದಾಗ ಒಮ್ಮೆರ ಗೆಲ್ಲಾಕ ಬಿಟ್ಟಿಲ್ಲ. ಈಗೆಲ್ಲಿಂದ ಬಂತಕ್ಕಾ ಇಷ್ಟು ದಯಾ?”

“ದಯಾ ಎಮ್ಮಿ ಮ್ಯಾಲ.”

ಹತ್ತಿಕಾಳು ಅಡುಗೆಮನೆಯ ಮೂಲೆಯ ಗಡಿಗೆಯಲ್ಲಿ ನೆನೆಯತೊಡಗಿತು. ಅದಕ್ಕಿಂತ ಭದ್ರವಾದ ಜಾಗ ಊರಿನಲ್ಲೇ ಇರಲಿಲ್ಲ. ಗಡಿಗೆಯಲ್ಲಿದ್ದದ್ದನ್ನು ಜಗದೇವಪ್ಪ ತಾಟಿಗೆ ಬಿದ್ದ ಮೇಲಷ್ಟೇ ನೋಡುತ್ತಿದ್ದ. ಬೆಳಿಗ್ಗೆ ಸಂಜೆ ಅವನು ಹೋಟೆಲ್ ಕಟ್ಟೆಯಲ್ಲಿ ಕುಳಿತು ತನ್ನ ಹುಲ್ಲಿನ ವಿಷಯ ಮಾತಾಡುವ ಹೊತ್ತಿಗೆ, ನೀಲವ್ವ ಕಣ್ಣು ಮುಚ್ಚಿ ಹತ್ತಿಕಾಳು ಮೆಲ್ಲುತ್ತಿದ್ದಳು.

ಒಂಬತ್ತನೆಯ ದಿನ ಹಾಲು ಗೆರೆ ಮುಟ್ಟಿತು. ಹನ್ನೆರಡನೆಯ ದಿನ ದಾಟಿತು. ಜಗದೇವಪ್ಪ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಚರಿಗೆಯೊಳಗೆ ಇಣುಕಿದ, ನೊರೆ ಊದಿ ಮತ್ತೆ ಇಣುಕಿದ.

“ನೋಡಿದಿ?”

“ನೋಡಿನ್ರಿ. ನೀವಂದದ್ದ ಖರೆ ಆತು.”

ಅವನು ಚರಿಗೆ ಕೆಳಗಿಟ್ಟ. “ಏನಂದಿ?”

“ನೀವಂದದ್ದ ಖರೆ ಅಂದೆ.”

“ತಡಿ, ತಡಿ. ಏ ಮುಬೀನಾ! ಲಗೂನ ಬಾರವಾ. ನಿಮ್ಮಕ್ಕ ಏನೋ ಅನ್ನಾಕತ್ತಾಳ, ನೀನೂ ಕೇಳು.”

ಮುಬೀನಾ ಓಡಿ ಬಂದಳು. ಶಿವಬಸಮ್ಮ ನೆಲ ನೋಡುತ್ತ ಮೂರನೆಯ ಸಲ ಹೇಳಿದಳು. ಮುಬೀನಾ ಬಹಳ ಗಂಭೀರವಾಗಿ ಚರಿಗೆ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. “ಗೊಬ್ಬರ ಭಾಳ ಜೋರ್ ಅದರಿ ಅಣ್ಣಾ.”

ನೀಲವ್ವ ಉಳಿದಳು. ಜಗದೇವಪ್ಪ ಆ ಚರಿಗೆಯನ್ನು ಕೈಚೀಲದಲ್ಲಿಟ್ಟುಕೊಂಡು ಊರೆಲ್ಲ ತಿರುಗಿದ, ಕೇಳಿದವರಿಗೂ ಕೇಳದವರಿಗೂ ಗೆರೆ ತೋರಿಸಿದ. ಸುರಪುರದ ಗೊಬ್ಬರದಂಗಡಿಯವನಿಗೂ ತೋರಿಸಿ, ಅವನ ಖರ್ಚಿನಲ್ಲೇ ಚಹಾ ಕುಡಿದು ಬಂದ. ಶಿವಬಸಮ್ಮ ಇನ್ನೊಂದು ಚರಿಗೆ ತಂದು ಹಾಲು ಹಿಂಡಿದಳು.

ಮುಂದಿನ ಮುಂಗಾರಿಗೆ ಊರಿನ ಹನ್ನೆರಡು ಮನೆಯವರು ತಮ್ಮ ತಮ್ಮ ಬೀಳಿನ ಹುಲ್ಲಿಗೆ ಯೂರಿಯಾ ಹಾಕಿದರು. ಹನ್ನೊಂದು ಮನೆಯ ಎಮ್ಮೆಗಳು ಮೊದಲಿನಷ್ಟೇ ಹಾಲು ಕೊಟ್ಟವು. ಮುಬೀನಾಳ ಎಮ್ಮೆ ಮಾತ್ರ ಎರಡು ಬೆರಳು ಹೆಚ್ಚು ಕೊಟ್ಟಿತು.