ಖಾಲಿ ರೈಡ್

ಹಂಸ ಹತ್ತಿರ ಬಂದದ್ದೇ ತಡ, ಶ್ರೀಗೌರಿ ಮಾತು ನಿಲ್ಲಿಸಿಬಿಟ್ಟಳು. ಎದುರಿಗೆ ಕುರ್ಚಿಯಲ್ಲಿದ್ದ ಚಲುವನಾರಾಯಣ ಮೇಷ್ಟ್ರು ಏನೂ ಆಗದವರಂತೆ ಹಾಸನದ ಆಕಾಶ ನೋಡತೊಡಗಿದರು.

ಅಷ್ಟು ಸಾಕಾಯಿತು. ಹಂಸಳ ಹೊಟ್ಟೆ ಉರಿದುಹೋಯಿತು.

ಮೇಷ್ಟ್ರು ಮೈಸೂರು ವಿಭಾಗದ ಕಬಡ್ಡಿ ತಂಡಕ್ಕೆ ಹುಡುಗಿಯರನ್ನು ಆರಿಸಲು ಜಿಲ್ಲಾ ಕ್ರೀಡಾಕೂಟಕ್ಕೆ ಬಂದವರು. ಹಾಸನ ಜಿಲ್ಲೆಯಿಂದ ಒಬ್ಬಳೇ ರೈಡರ್ ಎಂದು ಮೈದಾನದ ತುಂಬ ಸುದ್ದಿ. ಆ ತಂಡದಲ್ಲಿ ಆಡಿದ ಸರ್ಟಿಫಿಕೇಟ್ ಇದ್ದರೆ ವ್ಯಾಯಾಮ ಶಿಕ್ಷಕಿಯಾಗಲು ಬೇಕಾದ ಬಿ.ಪಿ.ಎಡ್. ಸೀಟಿಗೆ ದಾರಿ ಸಲೀಸು. ಇಲ್ಲದಿದ್ದರೆ ಡಿಗ್ರಿ ಮುಗಿಯುತ್ತಿದ್ದಂತೆ ಆಟಕ್ಕೆ ಮಂಗಳ ಹಾಡಬೇಕು. 1996ರ ಈ ಕೂಟವೇ ಹಂಸಳಿಗೆ ಕೊನೆಯ ಅವಕಾಶ.

ಹೊಳೆನರಸೀಪುರ ತಂಡಕ್ಕೆ ಶ್ರೀಗೌರಿ ಕ್ಯಾಪ್ಟನ್, ಹಂಸ ವೈಸ್ ಕ್ಯಾಪ್ಟನ್. ಒಂದೇ ಬೀದಿ, ಒಂದೇ ಕಾಲೇಜು. ಚಪ್ಪಾಳೆ ಮಾತ್ರ ಶ್ರೀಗೌರಿ ಒಬ್ಬಳಿಗೆ. ಪೇಪರಿನಲ್ಲಿ ಬಂದದ್ದೂ ಅವಳ ಫೋಟೋ. ಹಂಸಳ ಸ್ವಂತ ತಾಯಿ ರಂಗನಾಯಕಿಯೇ ಅದನ್ನು ಕತ್ತರಿಸಿ ಎತ್ತಿಟ್ಟುಕೊಂಡಿದ್ದರು. ಇದಕ್ಕೇನು ಹೇಳೋಣ! ಸಾಲದ್ದಕ್ಕೆ ಈಗ ಮೇಷ್ಟ್ರ ಕಿವಿ ಬೇರೆ ಕಚ್ಚುತ್ತಿದ್ದಾಳೆ.

ಫೈನಲ್ ಅರಕಲಗೂಡಿನ ಮೇಲೆ. ಮುಗಿಯಲು ಆರು ನಿಮಿಷವಿರುವಾಗ ಶ್ರೀಗೌರಿ ರೈಡ್‌ಗೆ ಹೋದವಳು ಸೀದಾ ಎದುರಾಳಿಗಳ ಮೂಲೆಗೇ ನುಗ್ಗಿದಳು. ಮೂವರು ಹಿಡಿದರು. ಅವಳು ಕೊಸರಾಡಲೂ ಇಲ್ಲ. ಮಣ್ಣು ಕೊಡವಿಕೊಂಡು ಹೊರಗೆ ಹೋಗಿ ಕುಳಿತಳು. ಅವಳು ಅಷ್ಟು ಸುಲಭವಾಗಿ ಸಿಕ್ಕಿಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಆಗಲೂ ಹೊಳೆನರಸೀಪುರ ನಾಲ್ಕು ಪಾಯಿಂಟ್ ಮುಂದಿತ್ತು.

ಕಬಡ್ಡಿಯಲ್ಲಿ ಔಟಾದವಳು ತನ್ನಿಷ್ಟಕ್ಕೆ ಒಳಗೆ ಬರುವಂತಿಲ್ಲ. ಎದುರಾಳಿಗಳಲ್ಲಿ ಒಬ್ಬಳು ಔಟಾದರೆ ಇತ್ತ ಒಬ್ಬಳಿಗೆ ಮರುಜೀವ. ಮೊದಲು ಔಟಾದವಳು ಮೊದಲು. ಈಗ ಸಾಲಿನಲ್ಲಿ ಮೊದಲು ಕುಳಿತವಳು ಶ್ರೀಗೌರಿ.

ಯಾರನ್ನೂ ಔಟ್ ಮಾಡದಿದ್ದರೆ? ಅವಳು ಕೂತಲ್ಲೇ ಕೂತಿರುತ್ತಾಳೆ! ಯೋಚನೆ ಬಂದೊಡನೆ ಹಂಸಳಿಗೆ ಒಳಗೊಳಗೇ ಖುಷಿಯಾಯಿತು.

"ಇನ್ಮೇಲೆ ರೈಡೆಲ್ಲ ನಂದೇ," ಎಂದು ತಂಡಕ್ಕೆ ಹೇಳಿದಳು. "ಅವರು ಬಂದ್ರೆ ಹಿಡಿಯೋಕೆ ಹೋಗ್ಬೇಡಿ, ದೂರ ಇರಿ. ಟೈಮ್ ಕಳೆದ್ರೆ ಸಾಕು."

ಹಂಸ ಹೋದಳು, ಕಬಡ್ಡಿ ಕಬಡ್ಡಿ ಎನ್ನುತ್ತ ಗೆರೆ ದಾಟಿದಳು, ಯಾರನ್ನೂ ಮುಟ್ಟದೆ ಬಂದಳು. ಮತ್ತೆ ಹೋದಳು, ಮತ್ತೆ ಬರಿಗೈಯಲ್ಲಿ ಬಂದಳು.

"ಮುಟ್ಟೇ ಹಂಸಾ! ಒಬ್ಬಳನ್ನಾದ್ರೂ ಮುಟ್ಟೇ!" ಶ್ರೀಗೌರಿ ಹೊರಗಿನಿಂದ ಗಂಟಲು ಹರಿಯುವಂತೆ ಕೂಗಿದಳು.

ಒಳಗೆ ಬರೋದಕ್ಕೆ ಎಷ್ಟು ಆತುರ ನೋಡು, ಎಂದುಕೊಂಡಳು ಹಂಸ. ಕೂಗಿಕೊಳ್ಳಲಿ.

ಮೂರನೆಯ ರೈಡ್‌ನಲ್ಲಿ ಅರಕಲಗೂಡಿನ ಹುಡುಗಿಯೊಬ್ಬಳು ಕಾಲು ಜಾರಿ ಹಂಸಳ ಮುಂದೆಯೇ ಬಿದ್ದಳು. ಬೆರಳು ಚಾಚಿದ್ದರೆ ಸಾಕಿತ್ತು. ಹಂಸ ಕೈ ಹಿಂದಕ್ಕೆಳೆದುಕೊಂಡಳು.

ತಂಡದಲ್ಲಿದ್ದ ಹರದನಹಳ್ಳಿಯ ಗಂಗಾಂಬಿಕೆಗೆ ತಡೆಯಲಾಗಲಿಲ್ಲ. "ಅಯ್ಯೋ, ಕೈಗ್ ಸಿಕ್ಕಿದ್ಲಲ್ಲೇ! ಅಂಗೇ ಬುಟ್ಬುಟ್ಟಲ್ಲೇ!"

"ಸುಮ್ನಿರೇ. ಗೆಲ್ಲೋದು ಮುಖ್ಯ."

ಅಷ್ಟರಲ್ಲಿ ಅರಕಲಗೂಡಿನವರು ಇವರಲ್ಲಿ ಮೂವರನ್ನು ಮುಟ್ಟಿ ಹೋಗಿದ್ದರು. ಉಳಿದದ್ದು ಒಂದೇ ಪಾಯಿಂಟಿನ ಅಂತರ. ಮೇಷ್ಟ್ರು ಕುರ್ಚಿಯನ್ನು ಗೆರೆಯ ಪಕ್ಕಕ್ಕೇ ಎಳೆದುಕೊಂಡರು. ಅವರ ಕಣ್ಣು ತನ್ನ ಮೇಲೆಯೇ ಇದೆಯೆಂದು ಹಂಸಳಿಗೆ ಗೊತ್ತಾಯಿತು. ಹುರುಪಿನಿಂದ ಇನ್ನೂ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಳು.

ಕೊನೆಯ ಸೀಟಿ ಮೊಳಗಿತು. ಒಂದು ಪಾಯಿಂಟಿನಿಂದ ಗೆದ್ದಿದ್ದರು. ಎಲ್ಲರೂ ಕುಣಿಯುತ್ತಿದ್ದರೆ ಶ್ರೀಗೌರಿ ಮಾತ್ರ ಕುಳಿತಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಂಸ ಅದನ್ನು ಕಣ್ತುಂಬ ನೋಡಿದಳು. ಇಷ್ಟು ವರ್ಷದ ಉರಿಗೆ ತಣ್ಣೀರು ಬಿದ್ದಂತಾಯಿತು.

ಮೇಷ್ಟ್ರು ಹಂಸಳನ್ನು ಕೈಬೀಸಿ ಕರೆದರು. ಅವಳು ಓಡಿಯೇ ಹೋದಳು.

"ಒಳ್ಳೇ ಉಸಿರು ಕಣಮ್ಮ ನಿಂದು," ಎಂದರು.

"ಹೆಸರು ಬರ್ಕೊಂಡ್ರಾ ಸಾರ್?"

"ಶ್ರೀಗೌರಿ ಹೆಸರು ಹೋದ ತಿಂಗಳು ಚನ್ನರಾಯಪಟ್ಟಣದ ಪಂದ್ಯದಲ್ಲೇ ಬರ್ಕೊಂಡಾಯ್ತು." ಮೇಷ್ಟ್ರು ಪೆನ್ನು ಜೇಬಿಗೆ ಸಿಕ್ಕಿಸಿದರು. "ಇನ್ನೊಬ್ಬ ರೈಡರ್‌ಗೂ ಜಾಗ ಇತ್ತು. 'ನಾನು ಒಳಗಿದ್ರೆ ಹಂಸಂಗೆ ರೈಡೇ ಸಿಗಲ್ಲ ಸಾರ್, ಕೊನೇಲಿ ನಾನೇ ಬೇಕಂತ ಔಟಾಗಿ ಕೂತ್ಕೋತೀನಿ, ಅವಳು ಹೇಗೆ ಮುಟ್ಟಿ ಬರ್ತಾಳೆ ನೋಡಿ' ಅಂತ ಬೆಳಿಗ್ಗೆ ಅವಳೇ ಗೋಗರೆದಳು. ಪೂರಾ ಆರು ನಿಮಿಷ ನಿನ್ನೊಬ್ಬಳನ್ನೇ ನೋಡಿದೆ ಕಣಮ್ಮ. ಒಬ್ಬಳನ್ನಾದ್ರೂ ಮುಟ್ಟಬಾರದಿತ್ತಾ?"